ಪ್ರಶಸ್ತಿಗೆ ಸಲ್ಲುವ ಸಾಕ್ಷ್ಯ: ಲಾಗ್‌ಬುಕ್ ಆಫ್ ದ ವರ್ಲ್ಡ್ ಸೇವೆಯ ವಿಮರ್ಶೆ

ಹವ್ಯಾಸಿ ರೇಡಿಯೊದಲ್ಲಿ ದೂರದ ನಿಲಯವೊಂದರ ಜೊತೆ ಮಾತನಾಡಿದ್ದೇನೆ ಎಂದು ಹೇಳಿಕೊಂಡ ಮಾತ್ರಕ್ಕೆ ಅದು ಪ್ರಶಸ್ತಿಯ ಲೆಕ್ಕಕ್ಕೆ ಸೇರುವುದಿಲ್ಲ. ಎದುರಿನವರೂ ಅದೇ ಸಂಪರ್ಕವನ್ನು ತಮ್ಮ ಲಾಗ್‌ನಲ್ಲಿ, ಅಂದರೆ ಸಂಪರ್ಕಗಳ ದಾಖಲೆ ಪುಸ್ತಕದಲ್ಲಿ, ಬರೆದುಕೊಂಡಿದ್ದಾರೆ ಎಂಬುದಕ್ಕೆ ಅವರ ಕಡೆಯಿಂದಲೇ ಸಾಕ್ಷ್ಯ ಬರಬೇಕು. ದಶಕಗಳ ಕಾಲ ಈ ಸಾಕ್ಷ್ಯವೆಂದರೆ ಅಂಚೆಯಲ್ಲಿ ಬರುವ ಕ್ಯೂಎಸ್‌ಎಲ್ ಕಾರ್ಡ್ ಮಾತ್ರವಾಗಿತ್ತು. ಅಮೆರಿಕದ ಹವ್ಯಾಸಿ ರೇಡಿಯೊ ಸಂಸ್ಥೆಯಾದ ಎಆರ್‌ಆರ್‌ಎಲ್ 2003ರ ಸೆಪ್ಟೆಂಬರ್‌ನಲ್ಲಿ ಆರಂಭಿಸಿದ ಲಾಗ್‌ಬುಕ್ ಆಫ್ ದ ವರ್ಲ್ಡ್, ಹ್ಯಾಮ್‌ಗಳ (ಹವ್ಯಾಸಿ ರೇಡಿಯೊದವರ) ರೂಢಿಯ ಮಾತಿನಲ್ಲಿ ಎಲ್‌ಒಟಿಡಬ್ಲ್ಯು, ಆ ಕಾರ್ಡಿನ ಕೆಲಸವನ್ನು ವಿದ್ಯುನ್ಮಾನ ದಾಖಲೆಯಿಂದ ಮಾಡಿಸುತ್ತದೆ. ಈ ಸೇವೆ ಸಾಕ್ಷ್ಯವಾಗಿ ಬಹಳ ಗಟ್ಟಿ, ಬಳಕೆಗೆ ಬಹಳ ಒರಟು. ಆ ಒರಟುತನದಲ್ಲಿ ಎಷ್ಟು ಅಗತ್ಯವಾದದ್ದು, ಎಷ್ಟು ಬರೀ ಉದಾಸೀನದಿಂದ ಉಳಿದುಬಂದದ್ದು ಎಂಬುದನ್ನು ಭಾರತದ ಹ್ಯಾಮ್ ಒಬ್ಬರ ದೃಷ್ಟಿಯಿಂದ ಇಲ್ಲಿ ಬೇರ್ಪಡಿಸಿ ನೋಡಿದ್ದೇನೆ.

ಮೊದಲು ಹಣದ ಮಾತು. ಕಾರ್ಡುಗಳನ್ನು ಒಟ್ಟುಗೂಡಿಸಿ ರವಾನಿಸುವ ಕ್ಯೂಎಸ್‌ಎಲ್ ಬ್ಯೂರೊ ಮೂಲಕ ಕಳುಹಿಸಿದರೆ ಖರ್ಚು ಕಡಿಮೆ, ಆದರೆ ಉತ್ತರ ಬರಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ನೇರವಾಗಿ ಕಳುಹಿಸುವವರು ವಿಮಾನ ಅಂಚೆಯ ದರ ತೆರಬೇಕು, ತಮ್ಮ ವಿಳಾಸ ಬರೆದ ಲಕೋಟೆ ಇಡಬೇಕು, ಮರು ಅಂಚೆಯ ವೆಚ್ಚಕ್ಕೆಂದು ಡಾಲರ್ ನೋಟುಗಳನ್ನೂ ಒಳಗೆ ಸೇರಿಸಬೇಕು. ಈ ನೋಟಿಗೆ ಹ್ಯಾಮ್‌ಗಳಲ್ಲಿ ಗ್ರೀನ್ ಸ್ಟ್ಯಾಂಪ್ ಎಂಬ ಹೆಸರೇ ಇದೆ. ಅದು ದಾರಿಯಲ್ಲಿ ಮಾಯವಾಗುವುದು ಹೊಸ ವಿಷಯವೇನಲ್ಲ. ಐದು ಬ್ಯಾಂಡ್‌ಗಳ (ತರಂಗಾಂತರದ ಪಟ್ಟಿಗಳ) ಡಿಎಕ್ಸ್‌ಸಿಸಿ ಪ್ರಶಸ್ತಿಗೆ 80, 40, 20, 15 ಮತ್ತು 10 ಮೀಟರ್‌ಗಳಲ್ಲಿ ತಲಾ ನೂರರಂತೆ 500 ದೃಢೀಕರಣಗಳು ಬೇಕು. ಅಷ್ಟನ್ನೂ ನೇರ ಅಂಚೆಯಲ್ಲಿ ಸಂಪಾದಿಸುವುದು ಸಾಮಾನ್ಯ ಸಂಬಳದವರಿಗೆ ಆಗುವ ಮಾತಲ್ಲ. ಎಲ್‌ಒಟಿಡಬ್ಲ್ಯುಗೆ ಲಾಗ್ ಏರಿಸುವುದಕ್ಕೂ ದೃಢೀಕರಣ ಪಡೆಯುವುದಕ್ಕೂ ಶುಲ್ಕವಿಲ್ಲ. ನಮ್ಮ ದೇಶದ ಮಟ್ಟಿಗೆ ಇದರ ಮೊದಲ ಗುಣ ಇದೇ.

ಡಿಎಕ್ಸ್‌ಸಿಸಿ ಎಂದರೇನು ಎಂಬುದನ್ನು ಹೊಸಬರಿಗಾಗಿ ಹೇಳಬೇಕು. 1937ರಲ್ಲಿ ಆರಂಭವಾದ ಈ ಪ್ರಶಸ್ತಿಗೆ ಕನಿಷ್ಠ 100 ‘ಎಂಟಿಟಿ’ಗಳೊಡನೆ ದೃಢಪಟ್ಟ ಸಂಪರ್ಕ ಬೇಕು. ಈಗಿನ ಪಟ್ಟಿಯಲ್ಲಿ ಒಟ್ಟು 340 ಇವೆ. ಎಂಟಿಟಿ ಎಂದರೆ ಈ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಎಣಿಸುವ ಪ್ರದೇಶ, ಅದು ದೇಶವೇ ಆಗಿರಬೇಕಿಲ್ಲ. ಮುಖ್ಯಭೂಮಿಯಿಂದ ದೂರವಿರುವ ದ್ವೀಪಗಳಿಗೂ ಪ್ರತ್ಯೇಕ ಸ್ಥಾನವಿದೆ. ಆದ್ದರಿಂದ ಭಾರತವೊಂದೇ ಈ ಪಟ್ಟಿಯಲ್ಲಿ ಮೂರಾಗಿ ನಿಲ್ಲುತ್ತದೆ: ಮುಖ್ಯಭೂಮಿ, ಕಾಲ್‌ಸೈನ್ (ನಿಲಯದ ಅಧಿಕೃತ ಗುರುತಿನ ಹೆಸರು) ವಿಯು4 ಎಂದು ಆರಂಭವಾಗುವ ಅಂಡಮಾನ್ ಮತ್ತು ನಿಕೋಬಾರ್, ವಿಯು7 ಎಂದು ಆರಂಭವಾಗುವ ಲಕ್ಷದ್ವೀಪ. 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಅವರ ನೇತೃತ್ವದಲ್ಲಿ ಪೋರ್ಟ್ ಬ್ಲೇರ್‌ನಿಂದ ಪ್ರಸಾರ ಮಾಡುತ್ತಿದ್ದ ತಂಡವನ್ನು ಜಗತ್ತಿನ ಹ್ಯಾಮ್‌ಗಳು ಮುಗಿಬಿದ್ದು ಕರೆಯುತ್ತಿದ್ದುದು ಈ ಒಂದು ಎಂಟಿಟಿಗಾಗಿಯೇ. ಅದೇ ತಂಡ ಸುನಾಮಿ ಅಪ್ಪಳಿಸಿದಾಗ ತುರ್ತು ಸಂಪರ್ಕಕ್ಕೆ ನಿಂತಿತು ಎಂಬುದು ಬೇರೆಯೇ ಕಥೆ. ಇಷ್ಟು ಬೆಲೆಯುಳ್ಳ ಸಂಪರ್ಕಗಳನ್ನು ಲೆಕ್ಕಕ್ಕೆ ಹಿಡಿಯುವ ಪ್ರಶಸ್ತಿಗೆ ಸುಳ್ಳು ದಾಖಲೆ ಸೃಷ್ಟಿಸುವ ಆಸೆಯೂ ಇದ್ದೇ ಇರುತ್ತದೆ. ಈ ಸೇವೆಯ ನೋಂದಣಿ ಕ್ರಮ ಅಷ್ಟು ಬಿಗಿಯಾಗಿರುವುದಕ್ಕೆ ಕಾರಣ ಇದು.

ನೋಂದಣಿಗೆ ಟಿಕ್ಯೂಎಸ್‌ಎಲ್ ಎಂಬ ಉಚಿತ ತಂತ್ರಾಂಶ ಬೇಕು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ಅದು ನಡೆಯುತ್ತದೆ. ಅದರಲ್ಲಿ ಕಾಲ್‌ಸೈನ್, ಹೆಸರು, ವಿಳಾಸ, ಆ ಕಾಲ್‌ಸೈನ್‌ನಿಂದ ಮೊದಲ ಸಂಪರ್ಕ ಮಾಡಿದ ದಿನಾಂಕ ಇವನ್ನು ತುಂಬಿ ಕೋರಿಕೆಯ ಕಡತ ಕಳುಹಿಸಬೇಕು. ಅಮೆರಿಕದವರಿಗೆ ಮೊದಲಿನಿಂದ ನಡೆದುಬಂದ ಕ್ರಮವೆಂದರೆ, ಲೈಸೆನ್ಸ್ ದಾಖಲೆಯಲ್ಲಿರುವ ವಿಳಾಸಕ್ಕೆ ಗುಪ್ತಸಂಖ್ಯೆಯೊಂದನ್ನು ಅಂಚೆ ಕಾರ್ಡಿನಲ್ಲಿ ಕಳುಹಿಸುವುದು. ಅಂಚೆಯಿಂದ ಬಿಡುಗಡೆ ಕೊಡಲು ಹುಟ್ಟಿದ ಸೇವೆಗೆ ಪ್ರವೇಶ ಅಂಚೆ ಕಾರ್ಡಿನಿಂದಲೇ! ಬೇರೆ ದೇಶದವರು ಹವ್ಯಾಸಿ ಲೈಸೆನ್ಸಿನ ಪ್ರತಿಯನ್ನೂ ಅದೇ ಹೆಸರಿರುವ ಮತ್ತೊಂದು ಅಧಿಕೃತ ಗುರುತಿನ ದಾಖಲೆಯನ್ನೂ ಸಲ್ಲಿಸಬೇಕು. ನಮ್ಮಲ್ಲಿ ತೊಡಕು ಬರುವುದು ಹೆಸರಿನಲ್ಲಿ. ಲೈಸೆನ್ಸಿನಲ್ಲಿ ತಂದೆಯ ಹೆಸರಿನ ಮೊದಲಕ್ಷರ ಮುಂದಿದ್ದು, ಪಾಸ್‌ಪೋರ್ಟಿನಲ್ಲಿ ಅದೇ ಹೆಸರು ಹಿಂದೆ ಪೂರ್ತಿಯಾಗಿ ಬಿಡಿಸಿಕೊಂಡಿರುವವರು ಕರ್ನಾಟಕದಲ್ಲಿ ಎಷ್ಟು ಮಂದಿಯಿಲ್ಲ! ಎರಡರಲ್ಲಿಯೂ ಹೆಸರು ಒಂದೇ ರೀತಿ ಕಾಣುವ ದಾಖಲೆಯನ್ನು ಆರಿಸಿ ಕಳುಹಿಸುವುದು ಒಳ್ಳೆಯದು.

ದಾಖಲೆಗಳು ಒಪ್ಪಿಗೆಯಾದ ಮೇಲೆ ಸರ್ಟಿಫಿಕೇಟ್ ಬರುತ್ತದೆ. ಇದು ಗೋಡೆಗೆ ತೂಗುಹಾಕುವ ಪತ್ರವಲ್ಲ, ಲಾಗ್‌ಗೆ ಡಿಜಿಟಲ್ ಸಹಿ ಹಾಕಲು ಬೇಕಾದ ಕಡತ. ಸಹಿಯ ಖಾಸಗಿ ಕೀಲಿ ಬಳಕೆದಾರರ ಕಂಪ್ಯೂಟರಿನಲ್ಲಿಯೇ ಹುಟ್ಟಿ ಅಲ್ಲಿಯೇ ಉಳಿಯುತ್ತದೆ, ಎಆರ್‌ಆರ್‌ಎಲ್‌ಗೆ ಹೋಗುವುದಿಲ್ಲ. ಹೀಗಾಗಿ ಕೋರಿಕೆ ಕಳುಹಿಸಿದ ಕಂಪ್ಯೂಟರಿನಲ್ಲಿಯೇ ಸರ್ಟಿಫಿಕೇಟನ್ನೂ ತೆರೆಯಬೇಕು. ನಡುವೆ ಡಿಸ್ಕ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಸಿಕೊಂಡವರು ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಭದ್ರತೆಯ ದೃಷ್ಟಿಯಿಂದ ಇದು ಸರಿಯಾದ ವಿನ್ಯಾಸವೇ. ಆದರೆ ಜಾಲತಾಣದ ಪಾಸ್‌ವರ್ಡ್ ಒಂದು, ಸರ್ಟಿಫಿಕೇಟ್ ಇನ್ನೊಂದು, ಎರಡಕ್ಕೂ ಸಂಬಂಧವಿಲ್ಲ ಎಂಬುದನ್ನು ಮೊದಲ ಪುಟದಲ್ಲಿಯೇ ಸರಳವಾಗಿ ಹೇಳಿದ್ದರೆ ಅರ್ಧ ಗೊಂದಲ ತಪ್ಪುತ್ತಿತ್ತು. ಸರ್ಟಿಫಿಕೇಟಿನ ಅವಧಿ ಮೂರು ವರ್ಷ. ನವೀಕರಣ ಸುಲಭ, ಆದರೆ ಅದಕ್ಕೆ ಹಳೆಯ ಸರ್ಟಿಫಿಕೇಟ್ ಕೈಯಲ್ಲಿರಬೇಕು. ಆದ್ದರಿಂದ ಬಂದ ದಿನವೇ ಅದರ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ತೆಗೆದಿಡತಕ್ಕದ್ದು.

ಮುಂದಿನದು ‘ಸ್ಟೇಷನ್ ಲೊಕೇಷನ್’ ತುಂಬುವ ಕೆಲಸ. ಎಂಟಿಟಿ, ಜಗತ್ತನ್ನು ಹ್ಯಾಮ್‌ಗಳಿಗಾಗಿ ವಿಂಗಡಿಸಿದ ಸಿಕ್ಯೂ ವಲಯ ಮತ್ತು ಐಟಿಯು ವಲಯ, ಅಕ್ಷಾಂಶ ರೇಖಾಂಶಗಳಿಂದ ಗುರುತಿಸುವ ಚೌಕವಾದ ಗ್ರಿಡ್ ಇವನ್ನು ಒಮ್ಮೆ ಬರೆದಿಟ್ಟರೆ ಏರಿಸುವ ಪ್ರತಿ ಲಾಗ್‌ಗೂ ಅವು ಅಂಟಿಕೊಳ್ಳುತ್ತವೆ. ಕರ್ನಾಟಕದವರಿಗೆ ಸಿಕ್ಯೂ ವಲಯ 22, ಐಟಿಯು ವಲಯ 41. ಗ್ರಿಡ್ ವಿಷಯದಲ್ಲಿ ಬೆಂಗಳೂರಿನವರು ಎಚ್ಚರವಾಗಿರಬೇಕು. 13 ಡಿಗ್ರಿ ಅಕ್ಷಾಂಶ ನಗರದ ನಡುವೆಯೇ ಹಾದುಹೋಗುವುದರಿಂದ ಜಯನಗರದವರು ಎಂಕೆ82ರಲ್ಲಿ, ಯಲಹಂಕದವರು ಎಂಕೆ83ರಲ್ಲಿ ಇದ್ದಾರೆ. ಗ್ರಿಡ್‌ಗಳನ್ನೇ ಲೆಕ್ಕ ಹಾಕುವ ವಿಯುಸಿಸಿ ಪ್ರಶಸ್ತಿಯ ಬೆನ್ನು ಹತ್ತಿದ ಎದುರಿನವರಿಗೆ ಈ ಒಂದು ಅಂಕಿಯ ವ್ಯತ್ಯಾಸ ದೊಡ್ಡದು.

ಇನ್ನು ಈ ಸೇವೆಯ ತಿರುಳಾದ ಹೊಂದಾಣಿಕೆಯ ವಿಚಾರ. ಎರಡೂ ಕಡೆಯವರು ಸಹಿ ಹಾಕಿ ಏರಿಸಿದ ದಾಖಲೆಗಳು ತಾವಾಗಿಯೇ ಕೂಡಿಬರಬೇಕು. ಎರಡೂ ಕಾಲ್‌ಸೈನ್ ಸರಿಯಿರಬೇಕು, ಬ್ಯಾಂಡ್ ಒಂದೇ ಇರಬೇಕು, ಮೋಡ್ (ಧ್ವನಿ, ಮೋರ್ಸ್, ಡಿಜಿಟಲ್ ಮುಂತಾದ ಸಂವಹನ ವಿಧಾನ) ಹೊಂದಬೇಕು, ವೇಳೆಯಲ್ಲಿ 30 ನಿಮಿಷಕ್ಕಿಂತ ಹೆಚ್ಚು ಅಂತರ ಇರಬಾರದು. ಹುಡುಗ ಹುಡುಗಿಯ ಜಾತಕ ನೋಡುವಂತೆಯೇ ಇದು. ಒಂದು ಅಂಶ ತಪ್ಪಿದರೂ ಸಂಬಂಧ ಕೂಡುವುದಿಲ್ಲ. ಸಿಗ್ನಲ್ ರಿಪೋರ್ಟ್ ಈ ಲೆಕ್ಕದಲ್ಲಿ ಬರುವುದಿಲ್ಲ ಎಂಬುದು ಹಲವರಿಗೆ ಆಶ್ಚರ್ಯ ತರಬಹುದು. ಭಾರತದ ಲಾಗ್‌ಗಳು ಹೊಂದಿಕೆಯಾಗದೆ ಉಳಿಯಲು ಸಾಮಾನ್ಯ ಕಾರಣ ಗಡಿಯಾರ. ಲಾಗ್‌ನಲ್ಲಿ ಜಾಗತಿಕ ಕಾಲಮಾನವಾದ ಯುಟಿಸಿ ಬರೆಯಬೇಕಾದಲ್ಲಿ ಭಾರತೀಯ ಕಾಲಮಾನ ಬರೆದರೆ ಐದೂವರೆ ಗಂಟೆಯ ವ್ಯತ್ಯಾಸವಾಗಿ, ಸಂಪರ್ಕ ನಿಜವಾಗಿ ನಡೆದಿದ್ದರೂ ದೃಢಪಡುವುದಿಲ್ಲ. ಗಂಟೆಯನ್ನು ಸರಿಪಡಿಸಿಕೊಂಡವರೂ ದಿನಾಂಕದಲ್ಲಿ ಎಡವುತ್ತಾರೆ: ನಮ್ಮ ಬೆಳಗಿನ ಐದೂವರೆಗೆ ಯುಟಿಸಿಯಲ್ಲಿ ನಡುರಾತ್ರಿ, ಆದ್ದರಿಂದ ನಸುಕಿನಲ್ಲಿ 40 ಮೀಟರ್ ಬ್ಯಾಂಡ್‌ನಲ್ಲಿ ಹಿಡಿದ ದೂರದ ನಿಲಯವೆಲ್ಲ ಹಿಂದಿನ ದಿನಾಂಕಕ್ಕೆ ಸೇರುತ್ತದೆ. 2017ರಲ್ಲಿ ಬಂದ, ಕಂಪ್ಯೂಟರ್ ಮೂಲಕ ನಡೆಯುವ ಎಫ್‌ಟಿ8 ಎಂಬ ಡಿಜಿಟಲ್ ಮೋಡ್‌ನಲ್ಲಿ ಈ ತೊಂದರೆ ಬಹುಮಟ್ಟಿಗೆ ಇಲ್ಲ. ಕಂಪ್ಯೂಟರಿನ ಗಡಿಯಾರ ಸರಿಯಿಲ್ಲದಿದ್ದರೆ ಆ ಮೋಡ್ ಕೆಲಸವನ್ನೇ ಮಾಡುವುದಿಲ್ಲ, ದಾಖಲೆಯನ್ನು ತಂತ್ರಾಂಶವೇ ಬರೆದಿಡುತ್ತದೆ. ಪುಸ್ತಕದಲ್ಲಿ ಕೈಯಿಂದ ಬರೆದಿಟ್ಟ ಹಳೆಯ ಮೋರ್ಸ್ ಲಾಗ್‌ಗಳನ್ನು ಏರಿಸುವವರು ಮಾತ್ರ ಒಂದೊಂದು ಸಾಲನ್ನೂ ಪರಿಶೀಲಿಸಬೇಕು.

ಹೊಂದಿಕೆಯಾಗದಿದ್ದರೆ ಯಾಕೆ ಆಗಲಿಲ್ಲ ಎಂದು ಈ ಸೇವೆ ಹೇಳುವುದಿಲ್ಲ. ಎದುರಿನವರು ಲಾಗ್ ಏರಿಸಿಯೇ ಇಲ್ಲವೋ, ನಮ್ಮ ಕಾಲ್‌ಸೈನ್ ತಪ್ಪಾಗಿ ಬರೆದಿದ್ದಾರೋ, ನಾವೇ ಬ್ಯಾಂಡ್ ತಪ್ಪಾಗಿ ನಮೂದಿಸಿದ್ದೇವೋ, ಮೂರಕ್ಕೂ ಒಂದೇ ಮೌನ. ಅವರು ಕೊನೆಯ ಬಾರಿ ಲಾಗ್ ಏರಿಸಿದ್ದು ಯಾವಾಗ ಎಂಬುದನ್ನು ನೋಡಬಹುದು, ಅವರ ಲಾಗ್‌ನ ಸಾಲುಗಳನ್ನು ನೋಡಲಾಗುವುದಿಲ್ಲ. ಇದು ಅಗತ್ಯವಾದ ಒರಟುತನ ಎಂದೇ ನನ್ನ ಅಭಿಪ್ರಾಯ. ಎದುರಿನ ದಾಖಲೆಯನ್ನು ನೋಡಿಕೊಂಡು ನಮ್ಮದನ್ನು ತಿದ್ದುವಂತಿದ್ದರೆ ಇಬ್ಬರ ಸಾಕ್ಷ್ಯಕ್ಕೆ ಅರ್ಥವೇ ಉಳಿಯುತ್ತಿರಲಿಲ್ಲ. ಅನಗತ್ಯವಾದ ಒರಟುತನವೂ ಇದೆ: ಪುಟಗಳ ರೂಪ ಎರಡು ದಶಕದ ಹಿಂದಿನದು, ಪ್ರಶಸ್ತಿಯ ಖಾತೆಗಳನ್ನು ವಿಂಗಡಿಸುವ ಭಾಗವಂತೂ ಸರ್ಕಾರಿ ಕಚೇರಿಯ ಹಳೆಯ ನಮೂನೆಯನ್ನು ನೆನಪಿಸುತ್ತದೆ. ಇದಕ್ಕೆ ಭದ್ರತೆಯ ನೆಪ ಹೇಳಲಾಗದು.

ಪ್ರಶಸ್ತಿಗೆ ಅರ್ಜಿ ಹಾಕುವ ಹಂತಕ್ಕೆ ಬಂದಾಗ ಈ ಶ್ರಮಕ್ಕೆಲ್ಲ ಪ್ರತಿಫಲ ಸಿಗುತ್ತದೆ. ಕಾರ್ಡುಗಳಿದ್ದರೆ ಅವನ್ನು ಮಾನ್ಯತೆ ಪಡೆದ ಪರಿಶೀಲಕರಿಗೆ ತೋರಿಸಬೇಕು, ಇಲ್ಲವೇ ಕನೆಟಿಕಟ್ ರಾಜ್ಯದ ನ್ಯೂಯಿಂಗ್‌ಟನ್‌ನಲ್ಲಿರುವ ಎಆರ್‌ಆರ್‌ಎಲ್ ಕಚೇರಿಗೆ ಕಳುಹಿಸಿ, ಅವು ಹಿಂತಿರುಗುವವರೆಗೆ ಜೀವ ಕೈಯಲ್ಲಿ ಹಿಡಿದುಕೊಂಡಿರಬೇಕು. ಇಲ್ಲಿಯಾದರೆ ದೃಢಪಟ್ಟ ಸಂಪರ್ಕಗಳನ್ನು ಪರದೆಯ ಮೇಲೆಯೇ ಆರಿಸಿ ಅರ್ಜಿಗೆ ಸೇರಿಸಬಹುದು. ಶುಲ್ಕ ಬರುವುದು ಈ ಹಂತದಲ್ಲಿ: ಪ್ರತಿ ಕ್ರೆಡಿಟ್‌ಗೆ, ಅಂದರೆ ಪ್ರಶಸ್ತಿಯ ಲೆಕ್ಕಕ್ಕೆ ಸೇರಿಸುವ ಪ್ರತಿ ದೃಢೀಕರಣಕ್ಕೆ, ಒಂದು ಸಣ್ಣ ಮೊತ್ತ, ಪ್ರಮಾಣಪತ್ರಕ್ಕೆ ಬೇರೆ. ಆದ್ದರಿಂದ ಒಂದೇ ಎಂಟಿಟಿಯ ಹತ್ತು ದೃಢೀಕರಣಗಳಿದ್ದರೆ ಬ್ಯಾಂಡ್ ಮತ್ತು ಮೋಡ್ ಎರಡಕ್ಕೂ ಉಪಯೋಗಕ್ಕೆ ಬರುವಂಥದ್ದನ್ನು ಆರಿಸಿಕೊಳ್ಳುವುದು ಜಾಣತನ. ಅಮೆರಿಕದ ಹೊರಗಿನವರು ಡಿಎಕ್ಸ್‌ಸಿಸಿಗಾಗಿ ಎಆರ್‌ಆರ್‌ಎಲ್ ಸದಸ್ಯರಾಗಬೇಕಿಲ್ಲ ಎಂಬುದೂ ನಮಗೆ ಅನುಕೂಲ. ಹಿಂದೆ ಕಾರ್ಡಿನಿಂದ ಪಡೆದ ಕ್ರೆಡಿಟ್‌ಗಳಿದ್ದರೆ ಅವೂ ಇದೇ ಖಾತೆಗೆ ಜೋಡಣೆಯಾಗುತ್ತವೆ. ಅಮೆರಿಕದ 50 ರಾಜ್ಯಗಳ ವರ್ಕ್ಡ್ ಆಲ್ ಸ್ಟೇಟ್ಸ್ ಪ್ರಶಸ್ತಿಗೂ ಈ ದಾಖಲೆ ಸಲ್ಲುತ್ತದೆ. ಅದೇ 50 ರಾಜ್ಯಗಳನ್ನು ಧ್ವನಿ, ಮೋರ್ಸ್ ಮತ್ತು ಡಿಜಿಟಲ್ ಮೂರರಲ್ಲಿಯೂ ಮುಗಿಸಬೇಕಾದ ಟ್ರಿಪಲ್ ಪ್ಲೇ ಪ್ರಶಸ್ತಿಗಂತೂ ಎಲ್‌ಒಟಿಡಬ್ಲ್ಯು ಬಿಟ್ಟು ಬೇರೆ ಸಾಕ್ಷ್ಯವೇ ನಡೆಯುವುದಿಲ್ಲ.

ಇತರ ಸೇವೆಗಳೊಂದಿಗೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟ. 2000ದಿಂದ ನಡೆಯುತ್ತಿರುವ ಇಕ್ಯೂಎಸ್‌ಎಲ್ ಕಣ್ಣಿಗೆ ಹಬ್ಬ. ಬಣ್ಣದ ಕಾರ್ಡ್ ಚಿತ್ರವೇ ಬರುತ್ತದೆ, ಸೇರುವುದೂ ಸುಲಭ. ಆದರೆ ಡಿಎಕ್ಸ್‌ಸಿಸಿಗೆ ಅದು ಸಲ್ಲುವುದಿಲ್ಲ. ಕ್ಯೂಆರ್‌ಝಡ್ ಜಾಲತಾಣದ ಲಾಗ್‌ಬುಕ್ ತನ್ನದೇ ಪ್ರಶಸ್ತಿಗಳನ್ನು ಕೊಡುತ್ತದೆ, ಅದರ ಮಾನ್ಯತೆ ಅಲ್ಲಿಗೇ ಸೀಮಿತ. ಕ್ಲಬ್ ಲಾಗ್ ವಿಶ್ಲೇಷಣೆಯಲ್ಲಿ ಬಹಳ ಮುಂದಿದೆ. ಯಾವ ಬ್ಯಾಂಡ್‌ನಲ್ಲಿ ಯಾವ ಎಂಟಿಟಿ ಬಾಕಿ ಇದೆ ಎಂಬುದನ್ನು ಅದರಷ್ಟು ಚೆನ್ನಾಗಿ ಎಲ್‌ಒಟಿಡಬ್ಲ್ಯು ತೋರಿಸುವುದಿಲ್ಲ. ಎರಡನ್ನೂ ಜೊತೆಯಾಗಿ ಬಳಸುವುದೇ ರೂಢಿ. ಎಲ್‌ಒಟಿಡಬ್ಲ್ಯುನಿಂದ ಬರುವುದು ಬರೀ ಒಂದು ಸಾಲಿನ ದಾಖಲೆ, ಅದರಲ್ಲಿ ಚಿತ್ರವಿಲ್ಲ, ಹಸ್ತಾಕ್ಷರವಿಲ್ಲ, ಕುಶಲದ ಮಾತಿಲ್ಲ. ಕಾರ್ಡಿನ ಖುಷಿ ಬೇಕಾದವರು ಕಾರ್ಡನ್ನೇ ತರಿಸಿಕೊಳ್ಳಬೇಕು.

ದುರ್ಲಭ ದ್ವೀಪಗಳಿಂದ ಪ್ರಸಾರ ಮಾಡಲೆಂದೇ ಅಲ್ಲಿಗೆ ಯಾತ್ರೆ ಹೋಗುವ ಕೆಲವು ಹ್ಯಾಮ್ ತಂಡಗಳು ದೇಣಿಗೆ ಕೊಟ್ಟವರ ಸಂಪರ್ಕಗಳನ್ನು ಮೊದಲು ಎಲ್‌ಒಟಿಡಬ್ಲ್ಯುಗೆ ಏರಿಸಿ, ಉಳಿದವರನ್ನು ತಿಂಗಳುಗಟ್ಟಲೆ ಕಾಯಿಸುವುದುಂಟು. ಅಂಥ ಯಾತ್ರೆಯ ಖರ್ಚು ಅಪಾರ ಎಂಬುದು ನಿಜ. ಆದರೂ ಉಚಿತವೆಂದು ಹೆಸರಾದ ಸೇವೆಗೆ ಹಿಂಬಾಗಿಲಿನಿಂದ ದರ ನಿಗದಿಯಾಗುವುದು ಸರಿಯೆನಿಸುವುದಿಲ್ಲ. ಇದು ಸೇವೆಯ ದೋಷವಲ್ಲ, ಅದನ್ನು ಬಳಸುವವರ ನಡವಳಿಕೆ. ಕಾದರೆ ಸಾಮಾನ್ಯವಾಗಿ ದೃಢೀಕರಣ ಬಂದೇ ಬರುತ್ತದೆ.

ಸೇವೆಯದೇ ಆದ ದೌರ್ಬಲ್ಯ 2024ರಲ್ಲಿ ಬಯಲಾಯಿತು. ಆ ವರ್ಷದ ಮೇ ತಿಂಗಳಲ್ಲಿ ಎಆರ್‌ಆರ್‌ಎಲ್ ಮೇಲೆ ಸೈಬರ್ ದಾಳಿ ನಡೆದು, ಎಲ್‌ಒಟಿಡಬ್ಲ್ಯು ಜುಲೈ 1ರವರೆಗೆ ಸ್ಥಗಿತವಾಗಿತ್ತು. ಹತ್ತು ಲಕ್ಷ ಡಾಲರ್ ಒತ್ತೆಹಣ ತೆತ್ತದ್ದನ್ನು ಸಂಸ್ಥೆ ಆಮೇಲೆ ಒಪ್ಪಿಕೊಂಡಿತು. ಬಳಕೆದಾರರ ಸಂಪರ್ಕ ದಾಖಲೆಗಳು ಉಳಿದವು. ಆದರೆ ಜಗತ್ತಿನ ಹ್ಯಾಮ್‌ಗಳ ಪ್ರಶಸ್ತಿಯ ಆಧಾರವೆಲ್ಲ ಒಂದೇ ಸಂಸ್ಥೆಯ ಯಂತ್ರಗಳಲ್ಲಿದೆ ಎಂಬುದು ಆ ವಾರಗಳಲ್ಲಿ ಎಲ್ಲರ ಅರಿವಿಗೂ ಬಂತು. ಮೂಲ ಲಾಗ್‌ನ ಎಡಿಐಎಫ್ ಕಡತವನ್ನು (ಲಾಗ್ ತಂತ್ರಾಂಶಗಳೆಲ್ಲ ಓದುವ ಸಾಮಾನ್ಯ ರೂಪದ ಕಡತ) ಪ್ರತಿಯೊಬ್ಬರೂ ತಮ್ಮಲ್ಲಿಯೇ ಇಟ್ಟುಕೊಳ್ಳಬೇಕು; ಎಲ್‌ಒಟಿಡಬ್ಲ್ಯು ಲಾಗ್ ಜೋಪಾನ ಮಾಡುವ ಸ್ಥಳವಲ್ಲ.

ಹೊಸದಾಗಿ ಲೈಸೆನ್ಸ್ ಪಡೆದವರಿಗೆ ಈ ಸೇವೆಯನ್ನು ಹಿಂಜರಿಕೆಯಿಲ್ಲದೆ ಶಿಫಾರಸು ಮಾಡುತ್ತೇನೆ. ಒಂದು ವಿಷಯ ಮಾತ್ರ ಗಮನದಲ್ಲಿರಲಿ. ನಮ್ಮಲ್ಲಿ ರಿಸ್ಟ್ರಿಕ್ಟೆಡ್ ದರ್ಜೆಯ ವಿಯು3 ಕಾಲ್‌ಸೈನ್‌ನಿಂದ ಆರಂಭಿಸಿದವರು ಜನರಲ್ ದರ್ಜೆಗೆ ಏರಿದಾಗ ವಿಯು2 ಸಿಗುತ್ತದೆ. ಹಳೆಯ ಸರ್ಟಿಫಿಕೇಟ್ ಹೊಸ ಕಾಲ್‌ಸೈನ್‌ಗೆ ಸಹಿ ಹಾಕುವುದಿಲ್ಲ. ಹೊಸದಕ್ಕೆ ಬೇರೆ ಕೋರಿಕೆ ಸಲ್ಲಿಸಬೇಕು. ಹಳೆಯದನ್ನು ಅಳಿಸಿಬಿಡಬಾರದು, ಏರಿಸದೆ ಉಳಿದ ವಿಯು3 ಕಾಲದ ಸಂಪರ್ಕಗಳಿಗೆ ಸಹಿ ಹಾಕಲು ಅದೇ ಬೇಕು. ಎರಡೂ ಕಾಲ್‌ಸೈನ್‌ಗಳನ್ನು ಒಂದೇ ಖಾತೆಗೆ ತಂದು, ಎರಡನ್ನೂ ಒಂದೇ ಡಿಎಕ್ಸ್‌ಸಿಸಿ ಲೆಕ್ಕಕ್ಕೆ ಜೋಡಿಸಿದರೆ ವಿಯು3 ಆಗಿದ್ದಾಗ ಹಿಡಿದ ಎಂಟಿಟಿಗಳೂ ನೂರರ ಎಣಿಕೆಯಲ್ಲಿ ಉಳಿಯುತ್ತವೆ.