ಗ್ರೂಪ್ ಟ್ರಿಪ್‌ಗೆ ಗಾಡಿ ಬುಕ್ ಮಾಡೋರು "ದಿನಕ್ಕೆ ಮಿನಿಮಮ್ 300 ಕಿಮೀ" ಅಂದ್ರೆ ಏನು ಅಂತ ಮೊದ್ಲು ಕೇಳ್ಕೊಳ್ಳಿ

ನಾಲ್ಕು ದಿನ ಆಯ್ತು ವಾಪಸ್ ಬಂದು, ಸಿಟ್ಟು ಇನ್ನೂ ಇಳಿದಿಲ್ಲ, ಆದ್ರೂ ಬರೀತಿದೀನಿ. ಯಾಕಂದ್ರೆ ನನ್ ಥರಾನೇ ಎಷ್ಟೋ ಜನ ಈಗ ಕೂತ್ಕೊಂಡು ಟ್ರಿಪ್ ಬಜೆಟ್ ಹಾಕ್ತಿರ್ತಾರೆ. ಒಂಬತ್ತು ಜನ, ಎಂಟು ದಿನ, ಡ್ರೈವರ್ ಸಮೇತ ಒಂದು ವ್ಯಾನ್. ಲೆಕ್ಕದ ಜವಾಬ್ದಾರಿ ನಂದು. "ತಲೆಗೆ ಇಷ್ಟು, ಇದಕ್ಕಿಂತ ಜಾಸ್ತಿ ಆಗಲ್ಲ, ನಾನ್ ಗ್ಯಾರಂಟಿ" ಅಂತ ಗ್ರೂಪಲ್ಲಿ ಬರೆದಿದ್ದು ನಾನು. ಆ ಮೆಸೇಜ್ ಈಗ ನೋಡಿದ್ರೆ ಮುಖ ಎಲ್ಲಿಟ್ಕೊಳ್ಳೋದು ಗೊತ್ತಾಗ್ತಿಲ್ಲ.

ಬುಕ್ ಮಾಡೋವಾಗ ಓನರ್ ಹೇಳಿದ್ದು ಇಷ್ಟೇ. "ಕಿಲೋಮೀಟರ್ ಲೆಕ್ಕ ಸರ್, ದಿನಕ್ಕೆ ಮಿನಿಮಮ್ 300, ಡ್ರೈವರ್ ಬಾಟಾ ಬೇರೆ, ಟೋಲ್ ಪಾರ್ಕಿಂಗ್ ನಿಮ್ದು." ಗಾಡಿ ಮಾಡಿಸಿದೋರಿಗೆಲ್ಲ ಗೊತ್ತಿರೋ ಮಾತೇ: ಕಮ್ಮಿ ಓಡಿದ್ರೂ ಮಿನಿಮಮ್ ಕಿಮೀಗೆ ದುಡ್ಡು ಕೊಡ್ಲೇಬೇಕು, ಬಾಟಾ ಅಂದ್ರೆ ಡ್ರೈವರ್‌ಗೆ ದಿನಕ್ಕಿಷ್ಟು ಅಂತ ಕೊಡೋ ಖರ್ಚಿನ ದುಡ್ಡು. ನಾನು ಮ್ಯಾಪಲ್ಲಿ ಒಂದೊಂದು ಊರೂ ಹಾಕಿ ನೋಡಿದೆ, ಹೋಗಿ ಬರೋದೆಲ್ಲ ಸೇರಿ 2150 ಕಿಮೀ. ಎಂಟು ದಿನಕ್ಕೆ 300ರಂಗೆ 2400. ಅಂದ್ರೆ 2400ಕ್ಕೆ ದುಡ್ಡು ಕೊಟ್ರೆ ಮುಗೀತು, ಇನ್ನೂ 250 ಕಿಮೀ ಅಲ್ಲಿ ಇಲ್ಲಿ ಸುತ್ತೋಕೆ ಉಳಿಯುತ್ತೆ ಅಂದ್ಕೊಂಡೆ. ಬಾಯ್ಬಿಟ್ಟು ಕೇಳೂ ಕೇಳಿದೀನಿ, "ಒಟ್ಟು 2400 ಒಳಗೆ ಬಂದ್ರೆ ಎಕ್ಸ್‌ಟ್ರಾ ಇಲ್ಲ ತಾನೆ?" ಅಂತ. "ಅಯ್ಯೋ ಏನೂ ಬರಲ್ಲ ಸರ್, ಆರಾಮಾಗಿ ಹೋಗ್ಬನ್ನಿ, ನಮ್ ಹುಡ್ಗ ಎಲ್ಲಾ ನೋಡ್ಕೋತಾನೆ." ಈ ಮಾತು ಫೋನಲ್ಲಿ ಆಗಿದ್ದು, ವಾಟ್ಸಾಪಲ್ಲಿ ಇಲ್ಲ, ಎಲ್ಲೂ ಬರವಣಿಗೆಲಿ ಇಲ್ಲ. ಅಲ್ಲೇ ನಾನು ಕೆಟ್ಟೆ.

ಹೊರಡೋಕೆ ಮೂರು ದಿನ ಇರೋವಾಗ ಇಬ್ರು ಕೈ ಕೊಟ್ರು. ಜನ ಕಮ್ಮಿ ಆದ್ರು ಅಂತ ಗಾಡಿ ಬಾಡಿಗೆ ಇಳಿಯಲ್ವಲ್ಲ, ಒಂಬತ್ತು ಪಾಲು ಆಗ್ಬೇಕಿದ್ದದ್ದು ಏಳು ಪಾಲಾದ್ರೆ ತಲೆಗೆ ಸುಮಾರು 29% ಏರುತ್ತೆ. ಅದನ್ನ ಹೇಳಿದೆ, ಉಳಿದೋರು ಬೇಜಾರಲ್ಲೇ ಒಪ್ಕೊಂಡ್ರು. ಬಿಟ್ಟೋದ ಇಬ್ರಿಂದ ಅಡ್ವಾನ್ಸ್ ಮೊದ್ಲೇ ಇಸ್ಕೊಂಡಿರ್ಬೇಕಿತ್ತು, ಫ್ರೆಂಡ್ಸ್ ಅಲ್ವಾ ಅಂತ ಬಿಟ್ಟೆ.

ಟ್ರಿಪ್ ಚೆನ್ನಾಗೇ ಆಯ್ತು. ಡ್ರೈವರ್ ಓಡಿಸಿದ ರೀತಿ ಬಗ್ಗೆ ನನ್ ತಕರಾರಿಲ್ಲ. ಆದ್ರೆ ದಿನಾ ರಾತ್ರಿ ಗಾಡಿ ನಿಲ್ಸಿದ್ಮೇಲೆ ಒಂದು ಟ್ರಿಪ್ ಶೀಟ್ ತರ್ತಿದ್ದ, ಮಡಚಿ ಮಡಚಿ ಅಂಚೆಲ್ಲ ಹರಿದಿತ್ತು. ಬೆಳಿಗ್ಗೆ ರೀಡಿಂಗ್, ರಾತ್ರಿ ರೀಡಿಂಗ್, ಪಕ್ಕದಲ್ಲಿ ಸೈನ್ ಹಾಕೋ ಜಾಗ. ಪೆನ್ನೂ ಅವನೇ ಕೊಡೋನು, ಮೊಬೈಲ್ ಟಾರ್ಚೂ ಅವನೇ ಹಿಡಿಯೋನು. ಸುಸ್ತಾಗಿರ್ತಿತ್ತು, ಅದು ಅವನ ಹಾಜರಿಗೆ ಇರ್ಬೇಕು ಅಂದ್ಕೊಂಡು ನಾನು ಒಂದೊಂದು ಸಾಲಿಗೂ ಸೈನ್ ಹಾಕ್ತಾ ಹೋದೆ. ಪ್ರತಿ ದಿನಕ್ಕೂ ಬೇರೆ ಸಾಲು ಯಾಕಿದೆ ಅಂತ ಒಂದ್ ಸಲನೂ ಕೇಳ್ಲಿಲ್ಲ.

ಎಂಟನೇ ದಿನ ಸಂಜೆ "ಸ್ವಲ್ಪ ರೆಸ್ಟ್ ತಗೋತೀನಿ" ಅಂದ, ಸರಿ ಅಂದ್ವಿ. ಡ್ರೈವರ್ ಕಣ್ ಎಳೀತಿರೋವಾಗ ಓಡ್ಸು ಅನ್ನೋಕಾಗಲ್ಲ. ಒಂದೂವರೆ ಗಂಟೆ ಹೋಯ್ತು. ಎಲ್ಲರನ್ನೂ ಇಳಿಸಿ ಕೊನೇಲಿ ನಮ್ಮನೆ ಮುಂದೆ ನಿಂತಾಗ ರಾತ್ರಿ 12:40.

ಬೆಳಿಗ್ಗೆ ಓನರ್ ಕಡೆಯಿಂದ ಬಿಲ್ ಬಂತು. 3165 ಕಿಮೀ. ಒಂಬತ್ತು ದಿನದ ಬಾಟಾ.

ಮೊದ್ಲು ಬೇರೆ ಯಾರ್ದೋ ಬಿಲ್ ಕಳ್ಸಿದಾನೆ ಅಂದ್ಕೊಂಡೆ. ಫೋನ್ ಮಾಡಿದ್ರೆ "ಇಲ್ಲ ಸರ್, ನಿಮ್ದೇ." ಕೂತು ಬಿಡಿಸಿ ನೋಡಿದಾಗ ಗೊತ್ತಾಯ್ತು ಆಟ. ಮಿನಿಮಮ್ 300 ಅನ್ನೋದು ಒಟ್ಟು ಲೆಕ್ಕಕ್ಕಲ್ಲ, ಆಯಾ ದಿನಕ್ಕೆ. ಮೂರನೇ ದಿನ ಒಂದೇ ಊರಲ್ಲಿದ್ವಿ, ಓಡಿದ್ದು 40 ಕಿಮೀ, ಹಾಕಿದ್ದು 300. ಐದನೇ ದಿನ 60, ಅದಕ್ಕೂ 300. ಎರಡನೇ ದಿನ 210, ಆರನೇ ದಿನ 190, ಎರಡಕ್ಕೂ 300. ಆದ್ರೆ ಮೊದಲನೇ ದಿನ 480 ಓಡಿದ್ವಲ್ಲ, ಅದಕ್ಕೆ ಪೂರ್ತಿ 480, ಅದ್ರ ಮೇಲೆ ಅವರ ಶೆಡ್ಡಿಂದ ನಮ್ಮನೆಗೆ ಖಾಲಿ ಬಂದ 35 ಕಿಮೀ ಕೂಡ ನಮ್ ಮೇಲೇನೇ. ಕಮ್ಮಿ ಓಡಿದ ದಿನ ಮಿನಿಮಮ್ಮು, ಜಾಸ್ತಿ ಓಡಿದ ದಿನ ಮೀಟ್ರು! ಇನ್ನು ರಾತ್ರಿ 12 ದಾಟಿದ್ದಕ್ಕೆ ಒಂಬತ್ತನೇ ದಿನ ಅಂತ ಇನ್ನೊಂದು 300. ಆ ನಲ್ವತ್ತು ನಿಮಿಷದಲ್ಲಿ ಓಡಿದ್ದು 20 ಕಿಮೀ! ನಾವು ಹೊರಟಿದ್ದು ಬೆಳಿಗ್ಗೆ 6ಕ್ಕೆ, 24 ಗಂಟೆ ಲೆಕ್ಕ ಹಿಡಿದ್ರೆ ಎಂಟು ದಿನಾನೂ ಪೂರ್ತಿ ಆಗಿಲ್ಲ.

ಶೆಡ್ಡಿಗೆ ಹೋಗಿ ಬಂದಿದ್ದೂ ಸೇರಿ ಮೀಟರಲ್ಲಿ ಓಡಿದ್ದು 2220. ಬಿಲ್ 3165. ಮತ್ತೆ ಹೇಳ್ತೀನಿ, 2220 ಓಡಿದ್ದಕ್ಕೆ 3165!

ಓನರ್ ಕೊಟ್ಟ ಉತ್ತರಗಳು ಕೇಳಿ. "ಎಲ್ಲಾ ಕಡೆ ಹಿಂಗೇ ಸರ್." ಮತ್ತೆ ನಾನು ಬುಕ್ ಮಾಡೋವಾಗ ಕೇಳಿದ್ನಲ್ಲಪ್ಪ ಅಂದ್ರೆ, "ನಾನ್ ಹಂಗೆ ಹೇಳೇ ಇಲ್ಲ ಸರ್, ದಿನಕ್ಕೆ 300 ಅಂದಿದೀನಿ, ದಿನಕ್ಕೆ ಅಂದ್ರೆ ದಿನಕ್ಕೇ." ನಿಮ್ ಡ್ರೈವರ್ ಮಲಗಿದ್ದಕ್ಕೆ ಲೇಟ್ ಆಗಿದ್ದು ಅಂದ್ರೆ, "ನೀವ್ ಬೇಗ ಹೊರಡ್ಬೇಕಿತ್ತು." ಕೊನೆಗೆ ನಾನು ದನಿ ಏರಿಸಿದಾಗ ತಣ್ಣಗೆ ಹೇಳಿದ, "ಟ್ರಿಪ್ ಶೀಟಲ್ಲಿ ನಿಮ್ಮದೇ ಸೈನ್ ಇದೆಯಲ್ಲ ಸರ್, ದಿನದಿನಕ್ಕೂ ಹಾಕಿದೀರಾ." ಫೋಟೋನೂ ಕಳ್ಸಿದ. ಸಾಲಾಗಿ ನನ್ನ ಸೈನುಗಳು, ಕೊನೇದಂತೂ ನಿದ್ದೆಗಣ್ಣಲ್ಲಿ ಹಾಕಿದ್ದು, ಪಕ್ಕದಲ್ಲಿ ತಾರೀಖು ಮರುದಿನದ್ದು. ಅದನ್ನ ನೋಡಿದಾಗ ಆದ ಸಂಕಟ ದುಡ್ಡು ಕೊಟ್ಟಾಗಲೂ ಆಗ್ಲಿಲ್ಲ.

ಗಾಡಿ ಪಾಲು ಒಂದರಲ್ಲೇ, ನಾನು ಮೊದ್ಲು ಹೇಳಿದ್ದಕ್ಕಿಂತ ತಲೆಗೆ ಹತ್ರತ್ರ 70% ಜಾಸ್ತಿ ಆಯ್ತು. ನನ್ನ ಬಿಟ್ಟು ಉಳಿದ ಆರು ಜನಕ್ಕೂ ಒಬ್ಬೊಬ್ರಿಗೇ ಫೋನ್ ಮಾಡಿ ಮತ್ತೆ ದುಡ್ಡು ಕೇಳ್ಬೇಕಾಯ್ತು. ಒಬ್ಬ ಏನೂ ಅನ್ನದೆ ಹಾಕ್ದ. ಇನ್ನೊಬ್ಬ "ಮಧ್ಯದಲ್ಲಿ ನಿಂಗೇನಾದ್ರೂ ಸಿಕ್ತಾ?" ಅಂತ ಕೇಳ್ದ. ಹದಿನೈದು ವರ್ಷದ ಸ್ನೇಹಿತ ಕೇಳಿದ ಮಾತು ಇದು.

ಬುಕ್ ಮಾಡೋವಾಗ ಇನ್ನೊಬ್ರು ಗಾಡಿ ಓನರ್ "ಡೀಸೆಲ್ ನಿಮ್ದು, ದಿನದ ಬಾಡಿಗೆ ಫಿಕ್ಸ್" ಅಂದಿದ್ರು. ಗಾಡಿ ಲೀಟರಿಗೆ 10 ಕಿಮೀ ಕೊಟ್ರೆ 215 ಲೀಟರ್, ಏಸಿ ಲಗೇಜ್ ಎಲ್ಲಾ ಸೇರಿ 8ಕ್ಕೆ ಇಳಿದ್ರೆ 269 ಲೀಟರ್, ಆ 54 ಲೀಟರಿಗೆ ಹೆದರಿ ಅದನ್ನ ಬಿಟ್ಟೆ. ಈಗ ಕೂಡಿಸಿ ನೋಡಿದ್ರೆ ಅದೇ ಎಷ್ಟೋ ಅಗ್ಗ ಆಗ್ತಿತ್ತು.

ಹಂಗಾಗಿ ದಯವಿಟ್ಟು, ಮಿನಿಮಮ್ ಕಿಮೀ ಒಟ್ಟಿಗಾ ದಿನಕ್ಕಾ, ದಿನ ಅಂದ್ರೆ 24 ಗಂಟೆನಾ ರಾತ್ರಿ 12ರ ತನಕನಾ, ಮೀಟರ್ ಶೆಡ್ಡಿಂದಾನಾ ಮನೆಯಿಂದಾನಾ, ಮೂರನ್ನೂ ಮೆಸೇಜಲ್ಲಿ ಕೇಳಿ, ಉತ್ತರ ಮೆಸೇಜಲ್ಲೇ ತಗೊಳ್ಳಿ. ಫೋನಲ್ಲಿ ಹೇಳ್ತೀನಿ ಅಂದ್ರೆ ಆ ಗಾಡಿ ಬೇಡ. ಒಂದೇ ಊರಲ್ಲಿ ಉಳಿಯೋ ದಿನ ಜಾಸ್ತಿ ಇದ್ರೆ ಈ ಕಿಲೋಮೀಟರ್ ಲೆಕ್ಕಕ್ಕೇ ಹೋಗ್ಬೇಡಿ. ಟ್ರಿಪ್ ಶೀಟ್ ಓದದೆ ಸೈನ್ ಹಾಕ್ಬೇಡಿ, ಎಷ್ಟೇ ಸುಸ್ತಾಗಿದ್ರೂ. ಬರೋರ ದುಡ್ಡು ಮೊದ್ಲೇ ಇಸ್ಕೊಳ್ಳಿ, ಸ್ನೇಹಿತ್ರಾದ್ರೂ ಸರಿ.

ಒಂಬತ್ತನೇ ದಿನದ 300 ಮತ್ತೆ ಆ ಬಾಟಾ ಆದ್ರೂ ವಾಪಸ್ ಕೊಡಿ ಅಂತ ನಿನ್ನೆ ಬೆಳಿಗ್ಗೆ ಮೆಸೇಜ್ ಹಾಕಿದೀನಿ. ನೀಲಿ ಟಿಕ್ ಬಿದ್ದಿದೆ, ಉತ್ತರ ಇಲ್ಲ.