ಎಚ್‌ಇಪಿ, ಎಚ್‌ಇಕೆ, ಎಚ್‌ಎಸ್‌ಕೆ: ಮಲೆನಾಡಿನಲ್ಲಿ ಬಿ.ಎ. ಸೇರುವವರಿಗೊಂದು ಹೋಲಿಕೆ

ಪಿಯುಸಿ ಫಲಿತಾಂಶ ಬಂದ ವಾರ ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಯಾವ ಕಾಲೇಜಿನ ಕಚೇರಿ ಮುಂದೆ ನಿಂತರೂ ಕಿವಿಗೆ ಬೀಳುವ ಪ್ರಶ್ನೆ ಒಂದೇ: "ಸರ್, ಎಚ್‌ಇಪಿ ಸೀಟಿದೆಯಾ?" ಯಾಕೆ ಎಚ್‌ಇಪಿ ಎಂದು ತಿರುಗಿ ಕೇಳಿದರೆ ಸಿಗುವ ಉತ್ತರವೂ ಒಂದೇ: "ಕೆಎಎಸ್‌ಗೆ ಒಳ್ಳೇದಂತೆ." ಹೀಗೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಹಿಡಿದವರಲ್ಲಿ ಒಂದಷ್ಟು ಮಂದಿ ಅರ್ಥಶಾಸ್ತ್ರವನ್ನು ಬಾಕಿ ಉಳಿಸಿಕೊಂಡೇ ಕೊನೆಯ ಸೆಮಿಸ್ಟರ್ ಮುಟ್ಟುತ್ತಾರೆ.

ಈ ವಿಷಯಗಳನ್ನು ತರಗತಿಯಲ್ಲಿ ಕಲಿಸಿ, ಉತ್ತರ ಪತ್ರಿಕೆ ತಿದ್ದಿ ಬಲ್ಲವರಾಗಿ ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಎಚ್‌ಇಪಿಗಿಂತ ಐಚ್ಛಿಕ ಕನ್ನಡ ಇರುವ ಜೋಡಣೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಇತಿಹಾಸ, ಕನ್ನಡದ ಜೊತೆ ಅರ್ಥಶಾಸ್ತ್ರ (ಎಚ್‌ಇಕೆ) ಇರಬೇಕೋ ಸಮಾಜಶಾಸ್ತ್ರವೋ (ಎಚ್‌ಎಸ್‌ಕೆ) ಎಂಬುದು ಎರಡು ಸಂಗತಿಗಳನ್ನು ನೋಡಿ ತೀರ್ಮಾನವಾಗಬೇಕು: ನಿಮಗೆ ಲೆಕ್ಕ ಬರುತ್ತದೆಯೇ, ಕಾಲೇಜಿನಲ್ಲಿ ಆ ವಿಷಯಕ್ಕೆ ಮೇಷ್ಟ್ರು ಇದ್ದಾರೆಯೇ.

ಒಂದು ಎಚ್ಚರಿಕೆ. 2021–22ರಲ್ಲಿ ಬಂದ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಚೌಕಟ್ಟನ್ನು ರಾಜ್ಯ ಸರ್ಕಾರ 2024–25ರಿಂದ ಕೈಬಿಟ್ಟಿತು. ಈಗ ಮತ್ತೆ ಮೂರು ವರ್ಷ, ಆರು ಸೆಮಿಸ್ಟರ್, ಮೂರು ಐಚ್ಛಿಕ ವಿಷಯ. ಆದ್ದರಿಂದ ಮನೆಯಲ್ಲಿ ಅಕ್ಕನೋ ಅಣ್ಣನೋ ಬಿಟ್ಟುಹೋದ ನೋಟ್ಸು ಮತ್ತು ಪ್ರಶ್ನೆಪತ್ರಿಕೆ ಪಾಠಕ್ಕೆ ನೆರವಾದರೂ ಅಂಕ ಹಂಚಿಕೆಗೆ, ಪತ್ರಿಕೆಯ ಹೆಸರಿಗೆ ಹೊಂದುವುದಿಲ್ಲ. ಕುವೆಂಪು ವಿಶ್ವವಿದ್ಯಾಲಯದ ಹೊಸ ಪಠ್ಯಕ್ರಮದ ಪ್ರತಿಯನ್ನೇ ಇಟ್ಟುಕೊಳ್ಳಿ.

ಕೆಎಎಸ್ ಎಂಬ ಕಾರಣ

ಎಚ್‌ಇಪಿಯ ಹೆಸರು ಬೆಳೆದದ್ದು ಕೆಎಎಸ್ ಮುಖ್ಯ ಪರೀಕ್ಷೆಯಲ್ಲಿ ಐಚ್ಛಿಕ ವಿಷಯ ಇದ್ದ ಕಾಲದಲ್ಲಿ. ಈಗ ಅದಿಲ್ಲ. ಅರ್ಹತೆಗೆ ಮಾತ್ರ ಲೆಕ್ಕಕ್ಕೆ ಬರುವ ಕನ್ನಡ, ಇಂಗ್ಲಿಷ್ ಪತ್ರಿಕೆಗಳು ತಲಾ 150 ಅಂಕಕ್ಕೆ. ಅವು ಕಳೆದರೆ 250 ಅಂಕದ ಪ್ರಬಂಧ, ತಲಾ 250ರ ನಾಲ್ಕು ಸಾಮಾನ್ಯ ಅಧ್ಯಯನ ಪತ್ರಿಕೆ, ಒಟ್ಟು 1250. ಇಲ್ಲಿ ಇತಿಹಾಸ, ಸಂವಿಧಾನ, ಅರ್ಥವ್ಯವಸ್ಥೆ ಎಲ್ಲವೂ ಬೇಕು, ನಿಜ. ಆದರೆ ಬೇಕಾಗುವ ಅರ್ಥಶಾಸ್ತ್ರ ಬಜೆಟ್, ಬ್ಯಾಂಕಿಂಗ್, ಕೃಷಿ, ಯೋಜನೆಗಳ ಮಟ್ಟದ್ದು. ಪದವಿಯಲ್ಲಿ ಕಲಿಸುವ ಉದಾಸೀನ ವಕ್ರರೇಖೆ ಅಲ್ಲಿ ಕೇಳುವವರಿಲ್ಲ. ಅದೇ ಪ್ರಬಂಧಕ್ಕೆ, ಉಳಿದ ನಾಲ್ಕು ಪತ್ರಿಕೆಗೆ ಪುಟಗಟ್ಟಲೆ ಕನ್ನಡದಲ್ಲಿ ತಪ್ಪಿಲ್ಲದೆ ಬರೆಯುವ ಕೈ ಬೇಕು. ಆ ಕೈಯನ್ನು ಪಳಗಿಸುವುದು ಐಚ್ಛಿಕ ಕನ್ನಡ. ಯುಪಿಎಸ್‌ಸಿಗೆ ಹೋಗುವವರಿಗಂತೂ ಕನ್ನಡ ಸಾಹಿತ್ಯವೇ ಐಚ್ಛಿಕವಾಗಿ 500 ಅಂಕಕ್ಕೆ ಲಭ್ಯ.

ಅರ್ಥಶಾಸ್ತ್ರ: ಬಾಕಿ ಉಳಿಯುವುದು ಎಲ್ಲಿ

ಮೂರು ಜೋಡಣೆಗಳ ನಿಜವಾದ ವ್ಯತ್ಯಾಸ ಇರುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಂತು ನೋಡಬೇಕು. ಅರ್ಥಶಾಸ್ತ್ರ ಓದಿ ಪಾಸಾಗುವ ವಿಷಯವಲ್ಲ, ಗೆರೆ ಎಳೆದು, ಲೆಕ್ಕ ಮಾಡಿ ಪಾಸಾಗುವ ವಿಷಯ. ಉತ್ತರ ಪತ್ರಿಕೆಗಳಲ್ಲಿ ಮತ್ತೆಮತ್ತೆ ಕಾಣುವ ತಪ್ಪುಗಳು ಮೂರೇ.

ಬೆಲೆ ಬದಲಾದಾಗ ನಾವು ಅದೇ ಬೇಡಿಕೆ ರೇಖೆಯ ಮೇಲೆ ಮೇಲಕ್ಕೋ ಕೆಳಕ್ಕೋ ಸರಿಯುತ್ತೇವೆ. ಆದಾಯ, ಅಭಿರುಚಿ, ಬದಲಿ ಸರಕಿನ ಬೆಲೆ ಬದಲಾದರೆ ಮಾತ್ರ ರೇಖೆಯೇ ಜಾಗ ಬದಲಿಸುತ್ತದೆ. ಇವೆರಡನ್ನೂ ಬೆರೆಸಿ ಒಂದೇ ಚಿತ್ರ ಬರೆಯುವುದು ಮೊದಲ ತಪ್ಪು. ಅಕ್ಷಗಳಿಗೆ ಹೆಸರು ಬರೆಯದೆ ಬಿಡುವ ಸೋಮಾರಿತನವೂ ಇದಕ್ಕೇ ಸೇರಿದ್ದು.

ಎರಡನೆಯದು ಶೇಕಡಾವಾರು. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ: ಕ್ವಿಂಟಾಲ್ 'ರಾಶಿ' ದರ್ಜೆಯ ಅಡಿಕೆಯ ಬೆಲೆ 40,000ದಿಂದ 50,000 ರೂಪಾಯಿಗೆ ಏರಿತು, ಮಾರುಕಟ್ಟೆಗೆ ಬರುವ ಮಾಲು 100 ಕ್ವಿಂಟಾಲ್‌ನಿಂದ 105ಕ್ಕೆ ಏರಿತು. ಬೆಲೆಯ ಏರಿಕೆ ಶೇ. 25, ಪೂರೈಕೆಯ ಏರಿಕೆ ಶೇ. 5, 5ನ್ನು 25ರಿಂದ ಭಾಗಿಸಿದರೆ ಪೂರೈಕೆಯ ಸ್ಥಿತಿಸ್ಥಾಪಕತ್ವ (ಬೆಲೆಗೆ ಪೂರೈಕೆ ಸ್ಪಂದಿಸುವ ಪ್ರಮಾಣ) 0.2. ಇಲ್ಲಿ 10,000ವನ್ನು ಹಳೆಯ ಬೆಲೆಯ ಬದಲು ಹೊಸ ಬೆಲೆಯಿಂದ ಭಾಗಿಸಿ ಶೇ. 20 ಎಂದು ಬರೆದವರು ಅಂಕ ಕಳೆದುಕೊಳ್ಳುತ್ತಾರೆ. ಉತ್ತರ 0.2 ಬಂದ ಮೇಲೆ ಕಾರಣವನ್ನೂ ಒಂದು ಸಾಲು ಬರೆಯಬೇಕು: ಬೆಲೆ ಏರಿತೆಂದು ಇವತ್ತು ಸಸಿ ನೆಟ್ಟರೆ ಫಸಲಿಗೆ ವರ್ಷಗಟ್ಟಲೆ ಕಾಯಬೇಕು, ಹಾಗಾಗಿ ಅಲ್ಪಾವಧಿಯಲ್ಲಿ ಪೂರೈಕೆ ಬಗ್ಗುವುದಿಲ್ಲ. ತೋಟದ ಮನೆಯ ಮಕ್ಕಳಿಗೆ ಇದು ಪುಸ್ತಕಕ್ಕಿಂತ ಮೊದಲೇ ಗೊತ್ತು, ಆದರೂ ಉತ್ತರದಲ್ಲಿ ಪುಸ್ತಕದ ಸೇಬು, ಕಿತ್ತಳೆಯನ್ನೇ ಬರೆಯುತ್ತಾರೆ!

ಮೂರನೆಯದು ಸಂಖ್ಯಾಶಾಸ್ತ್ರ. ಎರಡು ಸಂಗತಿಗಳು ಎಷ್ಟು ಜೊತೆಯಾಗಿ ಏರಿಳಿಯುತ್ತವೆ ಎಂದು ಹೇಳುವ ಸಹಸಂಬಂಧ ಗುಣಾಂಕ −1 ಮತ್ತು +1ರ ನಡುವೆಯೇ ಇರಬೇಕು. 1.3 ಬಂದರೆ ಎಲ್ಲೋ ಕೂಡುವಾಗ ಎಡವಿದ್ದೀರಿ ಎಂದರ್ಥ. ಅದನ್ನು ಹಾಗೆಯೇ ಬರೆದು, ಕೆಳಗೆ ಎರಡು ಗೆರೆ ಎಳೆದು ಬರುವವರಿದ್ದಾರೆ.

ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ಅಂಚಿನಲ್ಲಿ ಪಾಸಾದವರು ಅರ್ಥಶಾಸ್ತ್ರ ತೆಗೆದುಕೊಳ್ಳಲೇಬಾರದು ಎಂದಲ್ಲ. ಶೇಕಡಾವಾರು, ಸರಾಸರಿ, ನಕ್ಷೆಯ ಮೇಲೆ ಬಿಂದು ಗುರುತಿಸುವುದು, ಇಷ್ಟು ಬಂದರೆ ಸಾಕು. ಬರದಿದ್ದರೆ ತರಗತಿ ಶುರುವಾಗುವ ಮೊದಲೇ ಹತ್ತನೆಯ ತರಗತಿಯ ಪುಸ್ತಕ ತೆಗೆದು ಕೂರಬೇಕು. ದೊಡ್ಡ ಅಪಾಯ ಬೇರೆ ಕಡೆ ಇದೆ. ಅತಿಥಿ ಉಪನ್ಯಾಸಕರ ನೇಮಕ ತಡವಾಗಿ ಮೊದಲ ವಾರಗಳ ಪಾಠ ತಪ್ಪಿದರೆ ಇತಿಹಾಸವನ್ನು ಓದಿಕೊಂಡು ಸರಿದೂಗಿಸಬಹುದು. ಅರ್ಥಶಾಸ್ತ್ರದಲ್ಲಿ ಮೊದಲ ಘಟಕ ತಪ್ಪಿದರೆ ನಾಲ್ಕನೆಯದೂ ತಲೆಗೆ ಹತ್ತುವುದಿಲ್ಲ. ಅರ್ಜಿ ತುಂಬುವ ಮೊದಲು ಅರ್ಥಶಾಸ್ತ್ರಕ್ಕೆ ಕಾಯಂ ಅಧ್ಯಾಪಕರಿದ್ದಾರೆಯೇ ಎಂದು ಆ ಕಾಲೇಜಿನ ಎರಡನೇ ವರ್ಷದವರನ್ನು ಕೇಳಿ. ಕಚೇರಿಯಲ್ಲಿ ಕೇಳಿದರೆ "ಬರ್ತಾರೆ" ಎನ್ನುತ್ತಾರೆ.

ಲೆಕ್ಕದ ಭಯ ಇಲ್ಲದವರಿಗೆ ಶಿವಮೊಗ್ಗೆಯಷ್ಟು ಒಳ್ಳೆಯ ಪ್ರಯೋಗಶಾಲೆ ಬೇರೆ ಸಿಗದು. ಎಪಿಎಂಸಿ ಅಂಗಳ, ಮ್ಯಾಮ್ಕೋಸ್‌ನಂಥ ಅಡಿಕೆ ಮಾರಾಟದ ಸಹಕಾರಿ ಸಂಸ್ಥೆ, ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ದರ್ಜೆವಾರು ದಿನದಿನದ ಧಾರಣೆ, ಎಲ್ಲವೂ ಕೈಗೆಟುಕುವ ದೂರದಲ್ಲಿವೆ. ಕಿರು ಪ್ರಬಂಧಕ್ಕೆ ಒಂದು ತಿಂಗಳ ಧಾರಣೆ ಬರೆದಿಟ್ಟರೂ ಸರಾಸರಿ, ಏರಿಳಿತ, ಸಹಸಂಬಂಧ ಮೂರಕ್ಕೂ ಸಾಮಗ್ರಿ ಸಿಕ್ಕಿತು.

ಐಚ್ಛಿಕ ಕನ್ನಡ: ಸುಲಭವೆಂದು ಬಂದವರು ಮುಗ್ಗರಿಸುವ ಜಾಗ

ಭಾಷೆಯ ಕನ್ನಡ ಬೇರೆ, ಐಚ್ಛಿಕ ಕನ್ನಡ ಬೇರೆ. ಮೊದಲನೆಯದು ಎಲ್ಲರಿಗೂ ಇರುವ ಭಾಷಾ ಪತ್ರಿಕೆ. ಎರಡನೆಯದರಲ್ಲಿ ಹಳಗನ್ನಡ, ವ್ಯಾಕರಣ, ಛಂದಸ್ಸು, ಕಾವ್ಯಮೀಮಾಂಸೆ, ಸಾಹಿತ್ಯ ಚರಿತ್ರೆ ಸಾಲಾಗಿ ಬರುತ್ತವೆ. ಮಾತೃಭಾಷೆ ತಾನೇ ಎಂದು ಬಂದವರು ಪಂಪನ ಮೊದಲ ಪದ್ಯಕ್ಕೇ ಗೈಡ್ ಹುಡುಕುತ್ತಾರೆ. ಗೈಡಿನಲ್ಲಿ ಇರುವುದು ಸಾರಾಂಶ. ಪರೀಕ್ಷೆ ಕೇಳುವುದು ಪದ್ಯ. ಹಳಗನ್ನಡಕ್ಕೆ ಕ್ರಮ ಹೀಗಿರಲಿ: ಮೊದಲು ಪದ ಬಿಡಿಸುವುದು, ಆಮೇಲೆ ಕ್ರಿಯಾಪದ ಹಿಡಿದು ಅನ್ವಯ ಮಾಡುವುದು, ಆಮೇಲೆ ಅರ್ಥ, ಕೊನೆಗೆ ಸ್ವಾರಸ್ಯ. ಸಂದರ್ಭ ವಿವರಿಸಿ ಎಂದಾಗ ಕವಿ, ಕೃತಿ, ಯಾರು ಯಾರಿಗೆ ಹೇಳಿದ್ದು, ಆ ಮಾತಿನ ಹಿಂದುಮುಂದು, ಸ್ವಾರಸ್ಯ ಐದೂ ಬೇಕು. ಸ್ವಾರಸ್ಯವನ್ನೇ ಬಿಟ್ಟು ಕತೆ ಹೇಳಿ ಮುಗಿಸುವುದು ಸಾಮಾನ್ಯ.

ಛಂದಸ್ಸು ಮಾತ್ರ ಪೂರ್ತಿ ಅಂಕ ತರುವ ಜಾಗ, ಏಕೆಂದರೆ ಅದಕ್ಕೆ ತಾಳೆ ನೋಡುವ ದಾರಿ ಇದೆ. ಕಂದಪದ್ಯ ತೆಗೆದುಕೊಳ್ಳಿ. ಒಂದು, ಮೂರನೆಯ ಸಾಲಿನಲ್ಲಿ ನಾಲ್ಕು ಮಾತ್ರೆಯ ಮೂರು ಗಣ, ಎರಡು, ನಾಲ್ಕನೆಯ ಸಾಲಿನಲ್ಲಿ ಐದು ಗಣ. ಅಂದರೆ 12, 20, 12, 20, ಒಟ್ಟು 64 ಮಾತ್ರೆ. ಪ್ರತಿ ಅರ್ಧದ ಆರನೆಯ ಗಣ ಜಗಣವೋ (ಲಘು, ಗುರು, ಲಘು) ಸರ್ವಲಘುವೋ (ನಾಲ್ಕೂ ಲಘು) ಆಗಿರಬೇಕು. ಬೆಸ ಸ್ಥಾನದಲ್ಲಿ ಜಗಣ ಬರಕೂಡದು. ಅರ್ಧದ ಕೊನೆ ಗುರುವಾಗಿರಬೇಕು. ಪ್ರಸ್ತಾರ ಹಾಕಿ ಮುಗಿದ ಮೇಲೆ 63 ಬಂದರೆ ಎಲ್ಲೋ ಒತ್ತಕ್ಷರದ ಹಿಂದಿನ ಅಕ್ಷರವನ್ನು ಲಘು ಎಂದು ಎಣಿಸಿದ್ದೀರಿ. ಭಾಮಿನಿ ಷಟ್ಪದಿಗೂ ಇಂಥದೇ ತಾಳೆ: ಒಂದು, ಎರಡು, ನಾಲ್ಕು, ಐದನೆಯ ಸಾಲು 14 ಮಾತ್ರೆ, ಮೂರು ಮತ್ತು ಆರನೆಯದು 23. ವಾರಕ್ಕೆ ಎರಡು ಪದ್ಯದಂತೆ ಹಾಕುತ್ತಾ ಬಂದರೆ ಒಂದು ಸೆಮಿಸ್ಟರ್‌ನಲ್ಲಿ ಕೈ ಕೂರುತ್ತದೆ, ಪರೀಕ್ಷೆಯ ಹಿಂದಿನ ರಾತ್ರಿ ಕೂರುವುದಿಲ್ಲ.

ಉಳಿದ ಮೂರು, ಬೇಗ ಬೇಗ

ಇತಿಹಾಸ ಮೂರೂ ಜೋಡಣೆಗೆ ಸಾಮಾನ್ಯ, ಹಾಗಾಗಿ ಆಯ್ಕೆಯ ಗೊಂದಲ ಇಲ್ಲ. ಇಲ್ಲಿಯವರಿಗೆ ಪಾಠದ ಅರ್ಧ ಬಸ್ಸಿನ ದೂರದಲ್ಲಿದೆ: ಕದಂಬರಿಗೆ ತಾಳಗುಂದ, ಚಾಲುಕ್ಯರಿಗೆ ಬಳ್ಳಿಗಾವಿ, ನಾಯಕರಿಗೆ ಕೆಳದಿ, ಇಕ್ಕೇರಿ, ನಗರ. ಬಿ.ಎಲ್. ರೈಸ್ ಸಂಪಾದಿಸಿದ ಶಾಸನ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೇ ಸಂಪುಟಗಳು ಶಿವಮೊಗ್ಗ ಜಿಲ್ಲೆಯ ಶಾಸನಗಳವು. ತಮ್ಮ ಊರಿನ ಶಾಸನವನ್ನು ಅಲ್ಲಿ ಹುಡುಕಿ ಓದಿದವರ ಕಿರು ಪ್ರಬಂಧ ಬೇರೆಯೇ ತೂಕದ್ದಾಗಿರುತ್ತದೆ. ಇನ್ನು 17ನೇ ಶತಮಾನದ ಕೆಳದಿ ಚೆನ್ನಮ್ಮನನ್ನು 1824ರ ಕಿತ್ತೂರು ಚೆನ್ನಮ್ಮನ ಜೊತೆ ಬೆರೆಸುವುದು, ಹೈದರಾಲಿ ಬಿದನೂರು (ಈಗಿನ ನಗರ) ಹಿಡಿದ 1763ನ್ನು ಮರೆಯುವುದು ಶಿವಮೊಗ್ಗದ ಹುಡುಗರಿಗೆ ಶೋಭೆಯಲ್ಲ.

ರಾಜ್ಯಶಾಸ್ತ್ರದಲ್ಲಿ ಓದಬೇಕಾದದ್ದು ಮಿತವಾದರೂ ನಿಖರತೆ ಹೆಚ್ಚು ಬೇಕು. ಆಸ್ತಿಯ ಹಕ್ಕು 1978ರ 44ನೇ ತಿದ್ದುಪಡಿಯಿಂದ ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಬಿದ್ದು 300ಎ ವಿಧಿಗೆ ಹೋಗಿದೆ. ಈಗಲೂ ಏಳು ಮೂಲಭೂತ ಹಕ್ಕು ಎಂದು ಬರೆಯುವವರು ಹಳೆಯ ನೋಟ್ಸಿನ ಬಲಿಪಶುಗಳು. ಪಂಚಾಯತ್ ರಾಜ್‌ಗೆ ಸಂಬಂಧಿಸಿದ 73ನೇ ತಿದ್ದುಪಡಿ, 11ನೇ ಅನುಸೂಚಿ, 29 ವಿಷಯ ಎಂದು ಬಾಯಿಪಾಠ ಮಾಡುವ ಬದಲು ಒಂದು ಗ್ರಾಮಸಭೆಯಲ್ಲಿ ಕೊನೆಯವರೆಗೂ ಕೂತು ಬಂದರೆ ಉತ್ತರಕ್ಕೆ ಜೀವ ಬರುತ್ತದೆ.

ಸಮಾಜಶಾಸ್ತ್ರ ನೋಡಲು ಸಲೀಸು, ಅಂಕ ತೆಗೆಯಲು ಕಷ್ಟ. ವ್ಯಾಖ್ಯಾನ ಬರೆಯದೆ ಸಾಮಾನ್ಯಜ್ಞಾನದಿಂದ ಎರಡು ಪುಟ ತುಂಬಿಸಬಹುದೆಂಬ ಭ್ರಮೆ ಇದರಲ್ಲಿ ಜಾಸ್ತಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಸಂಸ್ಕೃತೀಕರಣವನ್ನು (ಕೆಳಜಾತಿಯವರು ಮೇಲ್ಜಾತಿಯ ಆಚರಣೆ ಅನುಸರಿಸುವುದು) ಪಾಶ್ಚಾತ್ಯೀಕರಣದಿಂದ ಬೇರ್ಪಡಿಸಿ, ಒಂದು ಉದಾಹರಣೆ ಕೊಟ್ಟು ಬರೆದರೆ ಮಾತ್ರ ಅಂಕ. ಕ್ಷೇತ್ರಕಾರ್ಯಕ್ಕೆ 1964ರ ಲಿಂಗನಮಕ್ಕಿ ಅಣೆಕಟ್ಟಿನಿಂದ ಎದ್ದುಹೋದ ಶರಾವತಿ ಮುಳುಗಡೆ ಕುಟುಂಬಗಳ ಸಂಗತಿ ಇನ್ನೂ ಮುಗಿದಿಲ್ಲ. ಪ್ರಶ್ನಾವಳಿ ಹಿಡಿದು ಹೋಗುವ ಮುನ್ನ ಕುಟುಂಬದವರ ಒಪ್ಪಿಗೆ ಪಡೆಯಿರಿ, ಹಕ್ಕುಪತ್ರದ ಪ್ರಶ್ನೆಯನ್ನು ಕೊನೆಗೆ ಇಡಿ, ಇಲ್ಲದಿದ್ದರೆ ಮಾತು ಅಲ್ಲೇ ನಿಲ್ಲುತ್ತದೆ.

ಐಚ್ಛಿಕ ಇಂಗ್ಲಿಷ್, ಪತ್ರಿಕೋದ್ಯಮ, ಮನಶ್ಶಾಸ್ತ್ರ ಕೆಲವೇ ಕಾಲೇಜುಗಳಲ್ಲಿವೆ. ಮನಶ್ಶಾಸ್ತ್ರಕ್ಕೆ ಪ್ರಾಯೋಗಿಕ ತರಗತಿ ಇರುವುದರಿಂದ ಲ್ಯಾಬ್ ಕಣ್ಣಾರೆ ನೋಡದೆ ಸೇರಬೇಡಿ. ರಂಗಭೂಮಿಯ ಮೇಲೆ ಮನಸ್ಸಿರುವವರು ಪದವಿ ಮುಗಿಸಿಯೇ ಹೆಗ್ಗೋಡಿನ ನೀನಾಸಮ್ ರಂಗಶಿಕ್ಷಣ ಕೇಂದ್ರಕ್ಕೆ ಹೋಗುವುದು ಮೇಲು. ಅದು ಅಲ್ಲೇ ಉಳಿದು ಕಲಿಯುವ ಪೂರ್ಣಾವಧಿ ಶಿಕ್ಷಣ, ಬಿ.ಎ. ಜೊತೆ ಸಾಗುವಂಥದ್ದಲ್ಲ.

ಪದವಿಯ ಮುಂದಿನ ಬಾಗಿಲು

ಬಿ.ಎಡ್.ಗೆ ಸಾಮಾನ್ಯ ವರ್ಗದವರಿಗೆ ಪದವಿಯಲ್ಲಿ ಶೇ. 50 ಬೇಕು, ಎರಡು ಬೋಧನಾ ವಿಷಯ ಆರಿಸಬೇಕು. ಎಚ್‌ಇಕೆ, ಎಚ್‌ಎಸ್‌ಕೆಯವರಿಗೆ ಕನ್ನಡವೊಂದು, ಸಮಾಜ ವಿಜ್ಞಾನವೊಂದು ಎಂದು ಎರಡು ಬೇರೆ ಬೇರೆ ದಾರಿ ತೆರೆಯುತ್ತವೆ. ಎಚ್‌ಇಪಿಯ ಮೂರೂ ಸಮಾಜ ವಿಜ್ಞಾನದ ಗುಂಪಿಗೇ ಸೇರಿದ್ದರಿಂದ ಕನ್ನಡ ಶಿಕ್ಷಕರ ಹುದ್ದೆಯ ಕಡೆ ನೋಡುವಂತಿಲ್ಲ. ಎಂ.ಎ.ಗೆ ಕುವೆಂಪು ವಿಶ್ವವಿದ್ಯಾಲಯ ಇರುವ ಶಂಕರಘಟ್ಟಕ್ಕೆ ಹೋಗುವ ಯೋಚನೆಯಿದ್ದರೆ ಆ ವಿಷಯ ಪದವಿಯಲ್ಲಿ ಐಚ್ಛಿಕವಾಗಿ ಇರಲಿ. ಕಾಲೇಜು ಅಧ್ಯಾಪಕರಾಗಲು ಬೇಕಾದ ನೆಟ್ ಅರ್ಹತಾ ಪರೀಕ್ಷೆಗೆ ಎಂ.ಎ.ಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 55, ಮೀಸಲಾತಿ ವರ್ಗಕ್ಕೆ ಶೇ. 50.

ರೆಗ್ಯುಲರ್ ಅಥವಾ ದೂರ ಶಿಕ್ಷಣ

ತೋಟ, ಅಂಗಡಿ ನೋಡಿಕೊಳ್ಳುತ್ತಾ ಓದುವವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಕನ್ನಡದಲ್ಲೇ ಪರೀಕ್ಷೆ ಬರೆಯಲು ಬಿಡುತ್ತದೆ, ಸಿದ್ಧಪಾಠ ಕೊಡುತ್ತದೆ. ಇಗ್ನೋ ಪುಸ್ತಕಗಳ ಗುಣಮಟ್ಟ ಮೇಲು, ಆದರೆ ಇಂಗ್ಲಿಷ್ ಇಲ್ಲವೆ ಹಿಂದಿ ಬರಬೇಕು. ಅಲ್ಲಿ ಸಾಮಾನ್ಯವಾಗಿ ಅಸೈನ್‌ಮೆಂಟ್‌ಗೆ ಶೇ. 30, ಪರೀಕ್ಷೆಗೆ ಶೇ. 70. ಅಸೈನ್‌ಮೆಂಟ್ ಗಡುವು ತಪ್ಪಿದರೆ ಪರೀಕ್ಷೆ ಚೆನ್ನಾಗಿ ಬರೆದರೂ ಫಲಿತಾಂಶ ಅಪೂರ್ಣ ಎಂದೇ ಬರುತ್ತದೆ. ಅರ್ಥಶಾಸ್ತ್ರವನ್ನು ಮಾತ್ರ ದೂರ ಶಿಕ್ಷಣದಲ್ಲಿ ತೆಗೆದುಕೊಳ್ಳಬೇಡಿ, ಕಾರಣ ಮೇಲೆಯೇ ಹೇಳಿದೆ.

ರೆಗ್ಯುಲರ್‌ನ ನಿಜವಾದ ಖರ್ಚು ಶುಲ್ಕಕ್ಕಿಂತ ಬಸ್ಸು. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ, ಹೊಸನಗರ, ತೀರ್ಥಹಳ್ಳಿಯ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಜುಲೈ ಮಳೆಯಲ್ಲಿ ದಾರಿ ಕಟ್ಟಿದರೂ ಶೇ. 75 ಹಾಜರಾತಿಯ ನಿಯಮ ಸಡಿಲವಾಗುವುದಿಲ್ಲ. ದಿನಕ್ಕೆ ಎರಡು ಬಸ್ಸು ಬದಲಿಸಬೇಕಾದವರು ಪ್ರವೇಶಕ್ಕೆ ಮೊದಲೇ ಹಾಸ್ಟೆಲ್ ಅರ್ಜಿ ಹಾಕಬೇಕು.

ಪ್ರವೇಶ ನಡೆಯುವುದು ರಾಜ್ಯದ ವಿಶ್ವವಿದ್ಯಾಲಯಗಳಿಗೆಂದು ಇರುವ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮತ್ತು ಆಧಾರ್‌ನಲ್ಲಿ ಹೆಸರು, ಇನಿಷಿಯಲ್ ಒಂದೇ ಇದೆಯೇ ನೋಡಿ, ಇಲ್ಲದಿದ್ದರೆ ಮುಂದೆ ಎಸ್‌ಎಸ್‌ಪಿಯ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ವಿದ್ಯಾರ್ಥಿವೇತನವೂ ಸಿಕ್ಕಿಕೊಳ್ಳುತ್ತದೆ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಕೈಯಲ್ಲಿರಲಿ. ಸೈಬರ್ ಅಂಗಡಿಯವರು ಅವಸರದಲ್ಲಿ ಎಚ್‌ಇಕೆ ಬದಲು ಎಚ್‌ಇಪಿ ಒತ್ತಿಬಿಡುವುದುಂಟು, ಸಲ್ಲಿಸುವ ಮೊದಲು ಮೂರು ವಿಷಯದ ಹೆಸರನ್ನು ಪರದೆಯ ಮೇಲೆ ನೀವೇ ಓದಿ. ಸೇರಿದ ಮೇಲೂ ಬದಲಾಯಿಸುವ ಮನಸ್ಸಾದರೆ ಮೊದಲ ವಾರಗಳಲ್ಲೇ ಪ್ರಾಂಶುಪಾಲರಿಗೆ ಲಿಖಿತ ಅರ್ಜಿ ಕೊಟ್ಟು, ಪೋರ್ಟಲ್‌ನಲ್ಲೂ ತಿದ್ದಿಸಿ. ಪರೀಕ್ಷಾ ಅರ್ಜಿ ತುಂಬಿದ ಮೇಲೆ ಹೋದರೆ ಕಚೇರಿಯವರ ಕೈಯಲ್ಲೂ ಏನೂ ಇರುವುದಿಲ್ಲ.