ಆಂಟಿಲೋಪ್ ಕಮರಿ: ಮೋಡ ಕವಿದ ದಿನ ಗೈಡ್ ಸೇವೆ ಹೇಗಿತ್ತು?

ಅಮೆರಿಕದ ಅರಿಜೋನಾ ರಾಜ್ಯದ ಪೇಜ್ ಪಟ್ಟಣದ ಪಕ್ಕದಲ್ಲಿರುವ ಆಂಟಿಲೋಪ್ ಕ್ಯಾನ್ಯನ್ ಅಲ್ಲಿನ ಮೂಲನಿವಾಸಿಗಳಾದ ನವಾಹೊ ಜನರ ನೆಲ. ಅವರ ಪರವಾನಗಿ ಪಡೆದ ಗೈಡ್ ಜೊತೆಗಿಲ್ಲದೆ ಯಾರೂ ಇದರೊಳಗೆ ಇಳಿಯುವಂತಿಲ್ಲ. ಕಮರಿ ಎಲ್ಲರಿಗೂ ಒಂದೇ ಆದ್ದರಿಂದ, ಪ್ರವಾಸ ನಡೆಸುವ ಸಂಸ್ಥೆಯಿಂದ ಸಂಸ್ಥೆಗೆ ವ್ಯತ್ಯಾಸ ಕಾಣುವುದು ಗೈಡ್‌ಗಳ ವಿವೇಚನೆಯಲ್ಲಿ. ಕೆಳಗಿನ ಕಮರಿಗೆ, ಅಂದರೆ ಲೋವರ್ ಆಂಟಿಲೋಪ್‌ಗೆ, ಆಗಸ್ಟ್‌ನಲ್ಲಿ ಹೋದವನಾಗಿ ಆ ಒಂದು ಅಂಶವನ್ನೇ ಇಲ್ಲಿ ಮುಖ್ಯವಾಗಿ ಪರಿಶೀಲಿಸುತ್ತೇನೆ.

ಇಲ್ಲಿ ತಲೆಯ ಮೇಲಿನ ಮೋಡಕ್ಕಿಂತ ದೂರದ ಮೋಡಕ್ಕೆ ಹೆಚ್ಚು ಹೆದರಬೇಕು. ಮರುಭೂಮಿಯ ಬರಿಯ ಬಂಡೆ ನೀರನ್ನು ಹೀರದೆ ಹರಿಯಬಿಡುವುದರಿಂದ, ಮೈಲಿಗಟ್ಟಲೆ ಆಚೆ ಸುರಿದ ಮಳೆಯೆಲ್ಲ ಹಳ್ಳಗಳಲ್ಲಿ ಕೂಡಿಕೊಂಡು, ಕೆಲವೆಡೆ ಮೈ ಓರೆ ಮಾಡಿ ನುಸುಳಬೇಕಾದಷ್ಟು ಕಿರಿದಾದ ಈ ಮರಳುಗಲ್ಲಿನ ಸೀಳಿಗೆ ನುಗ್ಗುತ್ತದೆ. 1997ರ ಆಗಸ್ಟ್ 12ರಂದು ಕಮರಿಯ ಬಳಿ ಹೇಳಿಕೊಳ್ಳುವಂಥ ಮಳೆಯೇ ಇರದಿದ್ದರೂ, ಹೀಗೆ ಬಂದ ಪ್ರವಾಹ 11 ಪ್ರವಾಸಿಗರನ್ನು ಬಲಿ ತೆಗೆದುಕೊಂಡಿತು. ಅಂದಿನ ಮರದ ಏಣಿಗಳ ಬದಲು ಈಗ ಬಂಡೆಗೆ ಬೋಲ್ಟ್ ಹಾಕಿ ಬಿಗಿದ ಏಣಿಗಳಿವೆ.

ನಾವು ತಲುಪುವಷ್ಟರಲ್ಲಿ ದಕ್ಷಿಣದ ದಿಗಂತ ಕಪ್ಪಾಗಿತ್ತು. ಹಳ್ಳದ ನೀರು ಬರುವುದೂ ಆ ಕಡೆಯಿಂದಲೇ. ನೆತ್ತಿಯ ಮೇಲೆ ಬಿಸಿಲಿದ್ದರೂ ಗೈಡ್ ನಮ್ಮನ್ನು ಮೆಟ್ಟಿಲ ಬಳಿಯೇ ತಡೆದು ನಿಲ್ಲಿಸಿ, ಸರದಿಯಲ್ಲಿದ್ದವರ ಗೊಣಗಾಟಕ್ಕೆ ಸೊಪ್ಪು ಹಾಕದೆ, ರೇಡಿಯೊದಲ್ಲಿ ಹವಾಮಾನದ ಖಚಿತ ಮಾಹಿತಿ ಬರುವವರೆಗೂ ಇಳಿಯಗೊಡಲಿಲ್ಲ. ಒಳಗೆ ಹೋದ ಮೇಲೂ ಫೋಟೊಗಳಿಗಾಗಿ ನಿಲ್ಲುವ ಸಮಯವನ್ನು ಕಡಿತಗೊಳಿಸಿ, ಮುಂದಿನ ಏಣಿ ಎಲ್ಲಿದೆ ಎಂಬುದನ್ನು ಪ್ರತಿ ತಿರುವಿನಲ್ಲೂ ತೋರಿಸುತ್ತ ಸಾಗಿದರು. ಮೋಡ ಅಡ್ಡ ಬಂದಾಗಲೆಲ್ಲ ಗೋಡೆಗಳ ಕಿತ್ತಳೆ ಬಣ್ಣ ನೇರಳೆಗೆ ತಿರುಗುತ್ತಿದ್ದ ನೋಟ, ನನ್ನ ಮಟ್ಟಿಗೆ, ಪ್ರಖರ ಬಿಸಿಲಿನ ನೋಟಕ್ಕಿಂತ ಸೊಗಸಾಗಿತ್ತು. ಆದರೆ ಅದನ್ನು ಸವಿಯಲು ಬೇಕಾದಷ್ಟು ಬಿಡುವು ಸಿಗಲಿಲ್ಲ. ಅಂಥ ದಿನದಲ್ಲಿ ಬಿಡುವು ಸಿಗಬಾರದು ಕೂಡ.

ದೂರಿರುವುದು ಟಿಕೆಟ್ ಕೌಂಟರಿನ ಬಗ್ಗೆ. ನಡಿಗೆ ರದ್ದಾದರೆ ಹಣ ಮರಳಿಸುತ್ತಾರೆಯೇ, ಬೇರೆ ದಿನಕ್ಕೆ ಬದಲಾಯಿಸಿಕೊಡುತ್ತಾರೆಯೇ ಎಂದು ಕೇಳಿದಾಗ ಇಬ್ಬರು ಸಿಬ್ಬಂದಿ ಎರಡು ಬಗೆಯ ಉತ್ತರ ಕೊಟ್ಟರು. ಮಳೆಗಾಲದಲ್ಲಿ ನಡಿಗೆ ರದ್ದಾಗುವುದು ಅಪರೂಪವೇನಲ್ಲವಾದ್ದರಿಂದ ಈ ನಿಯಮವನ್ನು ಫಲಕದಲ್ಲೇ ಬರೆದು ಹಾಕುವುದು ನ್ಯಾಯ.

ಬೇಸಿಗೆಯಲ್ಲಿ ಹೋಗುವವರು ಗಡಿಯಾರದ ಗೊಂದಲವನ್ನೂ ಗಮನದಲ್ಲಿಡಬೇಕು. ನವಾಹೊ ನೇಷನ್, ಅಂದರೆ ನವಾಹೊ ಜನರ ಸ್ವಯಮಾಡಳಿತ ಪ್ರದೇಶ, ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತದೆ, ಪೇಜ್ ಪಟ್ಟಣ ಇಡುವುದಿಲ್ಲ. ಮೊಬೈಲ್ ಫೋನು ಎರಡರ ನಡುವೆ ಹೊಯ್ದಾಡುತ್ತದೆ. ಟಿಕೆಟಿನ ವೇಳೆ ಯಾವ ಲೆಕ್ಕದ್ದು ಎಂದು ಮೊದಲೇ ಕೇಳಿಕೊಳ್ಳಿ. ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ನಂತರ ಕಟ್ಟಿಕೊಳ್ಳುವುದರಿಂದ ಬೆಳಗಿನ ಸರದಿಯೇ ಉತ್ತಮ. ಮಂಡಿನೋವಿರುವ ಹಿರಿಯರನ್ನು, ಒಳಗೆ ಏಣಿಗಳಿಲ್ಲದೆ ಸಮತಟ್ಟಾಗಿ ನಡೆಯಬಹುದಾದ ಮೇಲಿನ ಕಮರಿಗೆ ಕರೆದೊಯ್ಯುವುದು ಲೇಸು; ಆದರೆ ಅಲ್ಲೂ ಹೊರಗಿನಿಂದ ಮರಳುವ ದಾರಿಯಲ್ಲಿ ಮೆಟ್ಟಿಲುಗಳಿವೆ.